ಯಾವ ಮೀನಿಗೆ ಯಾವ ಎರೆ

ಹೋದ ತಿಂಗಳು ಸಾಸ್ಲು ಮೀನಿನ ಸಾರು ಬರ್ದಿದ್ನಲ್ಲ, ಅದನ್ನ ಓದಿ ನಮ್ಮ ದೊಡ್ಡತ್ತೆ ಮಗಳು ಒಂದು ಮಾತು ಕೇಳಿದ್ಲು. "ಅಕ್ಕಾ, ಮೀನು ಉಜ್ಜೋದು, ಖಾರ ರುಬ್ಬೋದು ಎಲ್ಲ ಬರ್ದೆ. ಆ ಮೀನು ಹಿಡಿಯಕ್ಕೆ ಗಾಳಕ್ಕೆ ಏನು ಚುಚ್ಚೋರು ಅಂತ ಯಾಕೆ ಬರೀನಿಲ್ಲ?" ಗಾಳ ಹಿಡ್ಕೊಂಡು ಕೆರೆ ಏರಿ ಮೇಲೆ ಕೂರೋದು ಗಂಡಸರ ಕೆಲ್ಸ, ಹುಡುಗರ ಆಟ ಅಂತ ನಾವು ಸುಮ್ನಿರ್ತೀವಿ. ಆದ್ರೆ ಗಾಳದ ಕೊಕ್ಕೆಗೆ ಸಿಗಿಸೋ ಆ ಚೂರು ಪದಾರ್ಥ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ, ಒಂದು ದಾರಿ ಬಚ್ಚಲ ಹಿಂದಕ್ಕೆ ಹೋಯ್ತದೆ, ಇನ್ನೊಂದು ಅಡುಗೆ ಮನೆ ಹಿಟ್ಟಿನ ಡಬ್ಬಕ್ಕೆ ಹೋಯ್ತದೆ. ಎರಡೂ ನಮ್ಮ ಸೀಮೆನೇ ಅಲ್ವಾ?

ಮೊದ್ಲು ಹೆಸರಿಂದ ಶುರು ಮಾಡಾಣ. ಎರೆಹುಳ ಅಂದ್ರೆ ಎರೆ ಮಣ್ಣಲ್ಲಿ ಇರೋ ಹುಳ ಅಂತ ಸುಮಾರು ಜನ ಅಂದ್ಕೊಂಡವ್ರೆ. ಎರೆ ಮಣ್ಣು ಬೇರೆ ಮಾತು, ಅದು ಕಪ್ಪು ಮಣ್ಣು. ಈ ಎರೆ ಅಂದ್ರೆ ಪ್ರಾಣಿನ ಹತ್ರ ಕರೆಯಕ್ಕೆ ಇಡೋ ತೀನಿ. ಮಂಗಳೂರಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಲ್ಲೂ ಎರೆಗೆ ಈ ಅರ್ಥ ಐತೆ. ತೆಲುಗಿನೋರು ಎರ ಅಂತಾರೆ, ತಮಿಳಿನೋರು ಇರೈ ಅಂತಾರೆ, ಎಲ್ಲಾ ಒಂದೇ ಬೇರು. ಅಂದ್ರೆ ಆ ಹುಳ ಹೊಲಕ್ಕೆ ಗೊಬ್ಬರ ಮಾಡ್ತದೆ ಅಂತ ಯಾರೂ ಅದಕ್ಕೆ ಹೆಸರಿಡ್ನಿಲ್ಲ. ಈಗ ಸ್ಕೂಲಲ್ಲಿ ಮಕ್ಕಳು ಅದನ್ನ ರೈತನ ಗೆಳೆಯ ಅಂತ ಓದ್ತವೆ. ಹೆಸರಿಟ್ಟೋರ ಕಣ್ಣಿಗೆ ಅದು ಮೀನಿನ ಊಟ, ಅಷ್ಟೇ. ಗಾಳ ಹಾಕೋ ಕೆಲ್ಸ ಎಷ್ಟು ಹಳೇದು ಅನ್ನಕ್ಕೆ ಆ ಹುಳದ ಹೆಸರೇ ಸಾಕ್ಷಿ.

ನಮ್ಮ ದೊಡ್ಡವ್ವ ಗಾಳ ಮುಟ್ಟಿದೋರಲ್ಲ. ಆದ್ರೆ ಹುಡುಗ್ರು ಬಂದು "ಅಜ್ಜೀ, ಹುಳ" ಅಂದ್ರೆ ಎಲ್ಲಿ ಅಗೀಬೇಕು ಅಂತ ಹೇಳೋರು ಅವ್ರೇ. ಬಚ್ಚಲ ನೀರು ಹರಿಯೋ ಜಾಗದಲ್ಲಿ, ಬಾಳೆ ಬುಡದಲ್ಲಿ, ತಿಪ್ಪೆ ಅಂಚಲ್ಲಿ. ಅದ್ರಲ್ಲೂ ಬೇರೆಬೇರೆ. ತಿಪ್ಪೆ ಹುಳ ಸಣ್ಣದು, ಕೆಂಪಗೆ, ಕೊಕ್ಕೆಗೆ ಹಾಕಿದ್ರೂ ಒದ್ದಾಡ್ತಾನೆ ಇರ್ತದೆ. ಹೊಲದ ಹುಳ ದಪ್ಪ, ಬಿಳಚು, ಬೇಗ ಸೋತೋಯ್ತದೆ. ಹುಳ ಕರಟದಲ್ಲಿ ಹಸಿ ಮಣ್ಣು ಹಾಕಿ ಇಟ್ಕೋಬೇಕು, ಬಿಸಿಲಿಗೆ ಇಡಬಾರ್ದು. ಮೊದಲ ಮಳೆ ಬಿದ್ದು ಕೆರೆಗೆ ಹೊಸ ನೀರು ಇಳೀತಾ ಇದ್ದಾಗ, ನೀರು ಬೀಳೋ ಕಡೆ ಹುಳ ಕಟ್ಟಿ ಹಾಕಿದ್ರೆ ಮೀನು ತಪ್ಪೋದಿಲ್ಲ ಅನ್ನೋರು. ಯಾಕಂದ್ರೆ ಮಳೆ ನೀರು ಹುಳಗಳನ್ನ ಹೊತ್ಕೊಂಡು ಬತ್ತದೆ, ಮೀನು ಅಲ್ಲೇ ಬಾಯಿ ಬುಟ್ಕೊಂಡು ಕಾಯ್ತಾ ಇರ್ತದೆ.

ಎಲ್ಲಾ ಮೀನೂ ಹುಳ ತಿನ್ನಲ್ಲ. ನಮ್ಮಂಥೋರು ಮರೆತಿರೋದು ಇದನ್ನೇ. ಸಾಸ್ಲಿಗೆ ಬಾಯಿ ಎಳ್ಳಷ್ಟು, ಅದಕ್ಕೆ ಗುಂಡುಸೂಜಿ ಬಗ್ಗಿಸಿದ ಕೊಕ್ಕೆ ಸಾಕು, ಒಂದು ಅಗುಳು ಅನ್ನ ಇಲ್ಲ ಸಾಸಿವೆಯಷ್ಟು ಹಿಟ್ಟು. ದೊಡ್ಡ ಹುಳ ಹಾಕಿದ್ರೆ ಸುತ್ತ ಕಚ್ಚಿ ಕಚ್ಚಿ ತಿಂದ್ಕೊಂಡು ಕೊಕ್ಕೆ ಬೆಳಗಿಕೊಟ್ಟು ಹೋಯ್ತವೆ. ಗೆಂಡೆಗೆ ಹಿಟ್ಟಿನ ಉಂಡೆ. ಗೋಧಿ ಹಿಟ್ಟೋ ಹುರಿಗಡಲೆ ಹಿಟ್ಟೋ ಗಟ್ಟಿಗೆ ಕಲಸಿ, ಚೂರು ಇಂಗು ಹಾಕಿ, ನೀರಲ್ಲಿ ಕರಗದೇ ಇರಕ್ಕೆ ಹತ್ತಿ ಎಳೆ ಸೇರಿಸಿ ನಾದೋರು. ಆ ಹತ್ತಿ ದೀಪದ ಬತ್ತಿಗೆ ಇಟ್ಟಿರೋ ಹತ್ತಿ, ಅದಕ್ಕೆ ದೊಡ್ಡವ್ವನ ಕೈಲಿ ಬೈಸ್ಕೊಂಡಿರೋರು ನಮ್ಮನೇಲಿ ಇನ್ನೂ ಇದ್ದಾರೆ. ಚೇಳುಮೀನು, ಹಾವುಮೀನು ಕತ್ತಲಾದ ಮೇಲೆ ತಿರುಗೋವು, ಕಣ್ಣಿಗಿಂತ ವಾಸನೆ ಮೇಲೆ ನಂಬಿಕೆ, ಅವಕ್ಕೆ ಹುಳನೇ ಸರಿ. ಚೇಳುಮೀನಿನ ಮೀಸೆ ಐತಲ್ಲ, ಅದು ಬರೀ ಮೀಸೆ ಅಲ್ಲ, ರುಚಿ ನೋಡೋ ನಾಲಿಗೆ ಇದ್ದಂಗೆ. ಕೊರ್ವ ಮಾತ್ರ ಜಂಬದ ಮೀನು. ಅದಕ್ಕೆ ಜೀವ ಇರೋದೇ ಆಗ್ಬೇಕು. ಸಣ್ಣ ಕಪ್ಪೆ, ಮೀನಿನ ಮರಿ, ನೀರ ಮೇಲೆ ಒದ್ದಾಡಬೇಕು, ಕಣ್ಣಿಗೆ ಕಾಣಬೇಕು. ಮರಿ ಕಟ್ಕೊಂಡಿರೋ ಕೊರ್ವ ಹತ್ರ ಏನೇ ಬಂದ್ರೂ ಹಸಿವು ಇಲ್ದೆ ಇದ್ರೂ ಮೇಲೆ ಬೀಳ್ತದೆ, ಮರಿ ಕಾಯೋ ಸಿಟ್ಟಿಗೆ. ಹಂಗೆ ಹಿಡಿಯೋದು ಸುಲಭ, ಆದ್ರೆ ಹಂಗೆ ಹಿಡ್ಕೊಂಡು ಬಂದ ಕೊರ್ವನ ದೊಡ್ಡವ್ವ ಒಲೆ ಹತ್ರ ಸೇರಿಸ್ತಿರ್ನಿಲ್ಲ.

ಈಗ ಇತಿಹಾಸಕ್ಕೆ ಬತ್ತೀನಿ. ಇದೆಲ್ಲ ಹಳ್ಳಿ ಹುಡುಗರ ಮಾತು, ಇದನ್ನ ಯಾರು ಬರೆದಿಡ್ತಾರೆ ಅಂತ ನಾನೂ ಅಂದ್ಕೊಂಡಿದ್ದೆ. ಬರೆದಿಟ್ಟಿರೋನು ಒಬ್ಬ ರಾಜ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, ವಿಕ್ರಮಾದಿತ್ಯನ ಮಗ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅವನ ರಾಜಧಾನಿ. ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅಂತ ಪುಸ್ತಕ ಬರೆದ, ನೂರು ಅಧ್ಯಾಯ. ರಾಜ್ಯ ಆಳೋದು, ಆನೆ ಕುದುರೆ, ರತ್ನ, ಸಂಗೀತ, ಅಡುಗೆ, ಆಟ, ಅದರೊಳಗೆ ಇಲ್ಲದೇ ಇರೋದಿಲ್ಲ. ಇಡ್ಲಿ, ದೋಸೆ, ವಡೆಯ ಹಳೇ ಹೆಸರು ಹುಡುಕೋರು ತೆಗೆಯೋ ಪುಸ್ತಕ ಅದೇ. ಅಭಿಲಷಿತಾರ್ಥ ಚಿಂತಾಮಣಿ ಅನ್ನೋ ಇನ್ನೊಂದು ಹೆಸರೂ ಐತೆ, ಆ ಹೆಸರಲ್ಲೇ ಅದರ ಮೊದಲ ಭಾಗನ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಿಂದ 1926ರಲ್ಲಿ ಅಚ್ಚು ಹಾಕಿಸಿದ್ರು.

ಆ ಪುಸ್ತಕದ ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದ ಅಂತ ಒಂದು ಅಧ್ಯಾಯ. ಗಾಳ ಹಾಕೋ ಆಟ. ಅದ್ರಲ್ಲಿ ಸುಮಾರು 35 ಜಾತಿ ಮೀನಿನ ಹೆಸರು. ಸಮುದ್ರದ್ದು, ಹೊಳೇದು, ಹುರುಪೆ ಇರೋದು, ಹುರುಪೆ ಇಲ್ದೇ ಇರೋದು, ಗಾತ್ರ ಎಷ್ಟು ಅಂತ ಬಿಡಿಸಿ ಬಿಡಿಸಿ. ಯಾವುದಕ್ಕೆ ಏನು ತೀನಿ ಅಂತಾನೂ ಹೇಳ್ತಾನೆ. ಎಳ್ಳು, ಅನ್ನ, ಕಡಲೆ ಹಿಟ್ಟು ಕಲಸಿದ ಉಂಡೆ ಕೆಲವಕ್ಕೆ, ಮಾಂಸದ ಚೂರು ಕೆಲವಕ್ಕೆ. ಮೀನಿಗೆ ಮೊದ್ಲು ತೀನಿ ಹಾಕಿ ಹಾಕಿ ಒಂದು ಜಾಗಕ್ಕೆ ಬರೋ ರೂಢಿ ಮಾಡಿಸಬೇಕು, ಆಮೇಲೆ ಗಾಳ. ಮೀನಿನ ಶಾಸ್ತ್ರ ಓದಿದ ಸುಂದರಲಾಲ್ ಹೋರಾ ಅನ್ನೋ ವಿಜ್ಞಾನಿ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದ ಮೇಲೆ ಹೊರಗಿನ ಜನಕ್ಕೂ ಇದು ಗೊತ್ತಾಯ್ತು.

ಅರಮನೆ ಪುಸ್ತಕದಲ್ಲಿ ಒಂದು ವಿಷಯ ಇಲ್ಲ. ಎಳ್ಳು ಕುಟ್ಟಿದೋರು ಯಾರು? ಕಡಲೆ ಹುರಿದು ಬೀಸಿದೋರು ಯಾರು? ಸೋಮೇಶ್ವರ ಮಹಾರಾಜ ಬೀಸೋ ಕಲ್ಲ ಮುಂದೆ ಕಾಲು ಚಾಚಿ ಕೂತಿದ್ದ ಅಂತ ನನಗಂತೂ ಅನ್ನಿಸಲ್ಲ ಕಣ್ರವ್ವಾ. ಉಂಡೆ ಯಾವ ಹದಕ್ಕೆ ಬಂದ್ರೆ ನೀರಲ್ಲಿ ಒಡೆಯಲ್ಲ ಅನ್ನೋದು ಹಿಟ್ಟು ಕಲಸಿರೋ ಕೈಗೆ ಗೊತ್ತಾಗೋ ಮಾತು. ಅವನ ಪಟ್ಟಿ ಹಿಂದೆ ಅಂಥ ಕೈಗಳು ಇದ್ದೇ ಇರ್ತವೆ.

ಇಂಗ್ಲೆಂಡಿನೋರು ಗಾಳ ಹಾಕೋದರ ಮೇಲೆ ತಮ್ಮದೇ ಮೊದಲ ಪುಸ್ತಕ ಅಂತ ಒಂದನ್ನ ಹೇಳ್ಕೋತಾರೆ, 1496ರಲ್ಲಿ ಅಚ್ಚಾಗಿದ್ದು. ಅದನ್ನ ಬರೆದೋರು ಡೇಮ್ ಜೂಲಿಯಾನಾ ಬರ್ನರ್ಸ್ ಅನ್ನೋ ಸನ್ಯಾಸಿನಿ ಅಂತ ಬಹಳ ಕಾಲ ನಂಬಿದ್ರು, ಈಗಿನ ಚರಿತ್ರೆಕಾರರು ಅದನ್ನ ಅಷ್ಟಾಗಿ ಒಪ್ಪಲ್ಲ. ಹೆಂಗಸು ಬರೆದಿದ್ದು ಅಂದಾಗ ಎಲ್ಲಾರಿಗೂ ಅನುಮಾನ ಜಾಸ್ತಿ ಬತ್ತದೆ ಅನ್ನೋದು ಬೇರೆ ಮಾತು. ಯಾರೇ ಬರೆದಿರ್ಲಿ, ಅದ್ರಲ್ಲೂ ಇರೋದು ಇದೇ, ಯಾವ ಮೀನಿಗೆ ಯಾವ ಎರೆ. ನಮ್ಮ ಕಲ್ಯಾಣದ ಪುಸ್ತಕ ಅದಕ್ಕಿಂತ ಮುನ್ನೂರ ಅರವತ್ತು ವರ್ಷಕ್ಕೂ ಹಳೇದು.

ಆಮೇಲೆ ಬಂದೋರು ಬ್ರಿಟಿಷ್ ಸಾಹೇಬ್ರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅನ್ನೋರು 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅಂತ ಪುಸ್ತಕ ತಂದ್ರು. ಗಾಳದ ಹುಚ್ಚಿನ ಸಾಹೇಬ್ರೆಲ್ಲಾ ಅದನ್ನ ಇಟ್ಕೊಂಡಿರೋರು. ಅದು ಅಚ್ಚಾಗಿದ್ದು ಮಂಗಳೂರಲ್ಲಿ. 1887ರಲ್ಲಿ ಅವ್ರದ್ದೇ ಇನ್ನೊಂದು ಬಂತು, ಅದು ಬರೀ ಕೆರೇಲಿ ಗಾಳ ಹಾಕೋದರ ಮೇಲೆ. ದೊಡ್ಡ ಹೊಳೆ ಮೀನಿನ ಹಿಂದೆ ಬೀಳೋ ಸಾಹೇಬ್ರ ನಡುವೆ ಒಬ್ಬರಾದ್ರೂ ನಮ್ಮ ಕೆರೆ ಮೀನಿಗೆ ಒಂದು ಪುಸ್ತಕ ಇಟ್ರಲ್ಲ ಅಂತ ನನಗೆ ಅವರ ಮೇಲೆ ಒಂಚೂರು ಪ್ರೀತಿ. ಮರಿ ಮೀನನ್ನೆಲ್ಲ ಬಾಚ್ಕೊಂಡು ಹೋದ್ರೆ ಮುಂದಕ್ಕೆ ಏನೂ ಉಳಿಯಲ್ಲ ಅಂತಾನೂ ಆ ಕಾಲದಲ್ಲೇ ಬರೆದ ಮನುಷ್ಯ. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಹಿಡಿಯಬಾರ್ದು ಅಂತ ಕಾನೂನು ಬಂದಿದ್ದು 1897ರಲ್ಲಿ.

ನಮ್ಮ ಕಡೆ ಎರೆ ಅಂದ್ರೆ ರಾಗಿ ಬುಟ್ಟು ಮಾತಿಲ್ಲ. ಮಳವಳ್ಳಿ ಕಡೆ ಕಾವೇರಿ ದಂಡೆ ಭೀಮೇಶ್ವರಿ ಹೆಸ್ರು ಕೇಳಿರ್ತೀರಿ. ಅಲ್ಲಿ ಮಹಶೀರ್ ಅನ್ನೋ ದೊಡ್ಡ ಮೀನು ಹಿಡಿಯಕ್ಕೆ ದೇಶ ದೇಶದೋರು ಬರ್ತಿದ್ರು. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಗೊತ್ತಲ್ಲ, ಸತ್ತ ಹುಲಿ ಚಿರತೆನ ಜೀವ ಇದ್ದಂಗೆ ಮಾಡಿ ನಿಲ್ಲಿಸ್ತಿದ್ದೋರು, ಆ ಮನೆಯೋರೊಬ್ಬರು 1946ರಲ್ಲಿ ಈ ಹೊಳೆ ಸೀಮೇಲಿ 120 ಪೌಂಡಿನ ಮಹಶೀರ್ ಹಿಡಿದಿದ್ರು, ಅಂದ್ರೆ 54 ಕೇಜಿ. ಒಂದು ಮೂಟೆ ಅಕ್ಕಿಗಿಂತ ಜಾಸ್ತಿ. 1978ರಲ್ಲಿ ಇಂಗ್ಲೆಂಡಿನ ಮೂರು ಜನ ಹುಡುಗ್ರು ಬಂದು ಕಾವೇರೀಲಿ ದೊಡ್ಡ ದೊಡ್ಡ ಮೀನು ಹಿಡಿದ ಮೇಲೆ ಮತ್ತೆ ಹೆಸರಾಯ್ತು. ಆಮೇಲೆ ಅಲ್ಲಿ ಕ್ಯಾಂಪುಗಳಾದ್ವು, ಹಿಡಿದ ಮೀನನ್ನ ತೂಕ ನೋಡಿ ವಾಪಸ್ ಹೊಳೆಗೆ ಬಿಡೋ ನಿಯಮ ಬಂತು.

ಅಷ್ಟು ದೂರದಿಂದ, ಅಷ್ಟು ದುಡ್ಡಿನ ಗಾಳ, ರೀಲು, ದಾರ ತಂದೋರು ಕೊಕ್ಕೆಗೆ ಏನು ಹಾಕ್ತಿದ್ರು ಅಂದ್ಕೊಂಡ್ರಿ? ರಾಗಿ ಹಿಟ್ಟಿನ ಉಂಡೆ! ಊರಿನ ತೆಪ್ಪದೋರು ನಾದಿ ಬೇಯಿಸಿ ಕೊಡ್ತಿದ್ದದ್ದು. ಊಟದ ಮುದ್ದೆಗೂ ಇದಕ್ಕೂ ಹದ ಬೇರೆ. ಊಟದ ಮುದ್ದೆ ಗಂಟಲಲ್ಲಿ ಜಾರಬೇಕು. ಇದು ಜಾರಬಾರ್ದು. ಹಸೀ ಹಿಟ್ಟನ್ನ ಗಟ್ಟಿಗೆ ಕಲಸಿ, ಉಂಡೆ ಮಾಡಿ, ಕುದಿಯೋ ನೀರಿಗೆ ಹಾಕಿ, ಮತ್ತೆ ನಾದಿ, ರಬ್ಬರಿನಂಗೆ ಆಗೋ ತನಕ ಬುಡಬಾರ್ದು. ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆ ಗಾತ್ರದ ತನಕ. ಯಾಕಂದ್ರೆ ಹೊಳೆ ಸೆಳವು ಅದನ್ನ ಕಿತ್ಕೊಂಡು ಹೋಗಬಾರ್ದು, ಸಣ್ಣ ಮೀನುಗಳು ಬಂದು ಕುಕ್ಕಿದ್ರೂ ಉಳೀಬೇಕು, ದೊಡ್ಡದು ಬರೋ ತನಕ ಕಲ್ಲಿನ ಸಂದೀಲಿ ಕಾಯ್ಕೊಂಡು ಕೂತಿರ್ಬೇಕು. ರಾಗಿ ಹದ ಗೊತ್ತಿಲ್ದೋರ ಕೈಲಿ ಆಗೋ ಕೆಲ್ಸ ಅಲ್ಲ ಇದು. ನಮ್ಮ ಮನೆಗಳಲ್ಲಿ "ಇವಳ ಮುದ್ದೆ ಕಲ್ಲಿದ್ದಂಗೆ" ಅಂತ ಅತ್ತೆ ಕೈಲಿ ಅನ್ನಿಸ್ಕೊಂಡ ಸೊಸೇರು ಭೀಮೇಶ್ವರೀಲಿ ಇದ್ದಿದ್ರೆ ಸಾಹೇಬ್ರು ಕೈಮುಗೀತಿದ್ರು.

ಕೊಕ್ಕೆ ಇಲ್ದೇನೂ ಮೀನಿಗೆ ತೀನಿ ಹಾಕ್ತೀವಲ್ಲ ನಾವು. ಶೃಂಗೇರಿ ತುಂಗಾ ಮೆಟ್ಟಿಲ ಮೇಲೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಒಳಗೆ, ಪುರಿ ಹಾಕ್ತಿದ್ದಂಗೆ ಮೀನು ಬಂದು ಬಾಯಿ ತೆಗೀತವೆ. ಸೋಮೇಶ್ವರ ಹೇಳಿದ ರೂಢಿ ಮಾಡಿಸೋದು ಅಂದ್ರೆ ಇದೇ, ಗಾಳ ಒಂದು ಇಲ್ಲ ಅಷ್ಟೇ.

ಈಗ ಕೊಕ್ಕೆಗೆ ತೀನಿನೇ ಇಲ್ದೇ ಮೀನು ಹಿಡಿಯೋ ಕತೆ. ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದ ಮಿನ್ನೆಸೋಟದಲ್ಲಿ ಐದಾಳೆ, ಕೆರೆಗಳಿಗೆ ಹೆಸರಾದ ರಾಜ್ಯ ಅದು. ಅಲ್ಲಿ ಸಣ್ಣ ಮೀನಿಗೆಲ್ಲಾ ಸೇರಿಸಿ ಪ್ಯಾನ್‌ಫಿಶ್ ಅಂತಾರಂತೆ. ಅಂದ್ರೆ ಬಾಂಡ್ಲಿಗೆ ಇಡೀದಾಗಿ ಹಿಡಿಸೋ ಮೀನು. ಎಂಥ ಚೆಂದದ ಹೆಸ್ರು ನೋಡಿ, ಹಿಡಿಯೋನ ಕಡೆಯಿಂದ ಇಟ್ಟಿದ್ದಲ್ಲ, ಹುರಿಯೋಳ ಕಡೆಯಿಂದ ಇಟ್ಟಿದ್ದು. ಅದ್ರಲ್ಲಿ ಬ್ಲೂಗಿಲ್ ಅನ್ನೋದು ನಮ್ಮ ಸಾಸ್ಲಿನ ಗುಣ, ಸಣ್ಣ ಬಾಯಿ, ಅದಕ್ಕೆ ಎರೆಹುಳದ ತುಂಡು ಸಾಕು, ಇಡೀ ಹುಳ ಬ್ಯಾಡ. ಕ್ರಾಪಿ ಅನ್ನೋದಕ್ಕೆ ಬಾಯಿ ಅಗಲ ಆದ್ರೆ ಕಾಗದದಷ್ಟು ತೆಳು, ಜೋರಾಗಿ ಎಳೆದ್ರೆ ತುಟಿ ಹರಿದು ತಪ್ಪಿಸ್ಕೋತದೆ. ಅದರ ಕಣ್ಣು ಮೇಲಕ್ಕೆ ನೋಡ್ತಾ ಇರ್ತದೆ, ಹಂಗಾಗಿ ಎರೆನ ಅದು ಇರೋ ಜಾಗಕ್ಕಿಂತ ಚೂರು ಮೇಲೆ ತೂಗು ಹಾಕ್ಬೇಕು. ಅದಕ್ಕೆ ಜೀವಂತ ಮರಿ ಮೀನು ಇಷ್ಟ, ನಮ್ಮ ಕೊರ್ವದಂಗೆ.

ಹುಳ ಸಿಗದೇ ಇದ್ದಾಗ ಅವ್ರು ಜಿಗ್ ಅಂತ ಒಂದು ಕಟ್ತಾರೆ. ಕೊಕ್ಕೆ ಕುತ್ತಿಗೇಲಿ ಒಂದು ಸೀಸದ ಗುಂಡು, ಹಿಂದಕ್ಕೆ ಪುಕ್ಕನೋ ದಾರನೋ ಮೆತ್ತನೆ ಪ್ಲಾಸ್ಟಿಕ್ ಬಾಲನೋ. ಸಣ್ಣ ಮೀನಿಂದು ಒಂದು ಔನ್ಸಿನ ಮೂವತ್ತೆರಡರಲ್ಲಿ ಒಂದು ಭಾಗ, ಅಂದ್ರೆ ಅಕ್ಕಸಾಲಿ ಲೆಕ್ಕದಲ್ಲಿ ಏಳು ಗುಲಗಂಜಿ ತೂಕ. ಗಾಳಿ ಇದ್ರೆ, ನೀರು ಆಳ ಇದ್ರೆ ಅದರ ಎರಡಷ್ಟು. ಜಾಸ್ತಿ ತೂಕ ಆದ್ರೆ ದಬಕ್ಕಂತ ಮುಳುಗೋಯ್ತದೆ, ಮೀನಿಗೆ ಬಾಯಿ ಹಾಕೋ ಹೊತ್ತೇ ಸಿಗಲ್ಲ. ಗಾಳದ ತುದಿನ ಚೂರು ಎತ್ತೋದು, ಬಿಡೋದು, ಎತ್ತೋದು, ಬಿಡೋದು. ಜೀವ ಇಲ್ಲದ್ದಕ್ಕೆ ಜೀವ ಬರಿಸೋ ಕೈಚಳಕ. ಚಳಿಗಾಲದಲ್ಲಿ ಕೆರೆ ಮೇಲೆ ಮಂಜುಗಡ್ಡೆ ಕಟ್ಟಿರ್ತದೆ, ತೂತು ಕೊರೆದು ಕೂತ್ಕೋತಾರೆ, ಆ ಚಳೀಲಿ ಮೀನೂ ಸೋಮಾರಿ, ಹಂಗಾಗಿ ಕೈನೂ ನಿಧಾನ ಆಗ್ಬೇಕು. ಜಿಗ್ಗಿನ ತುದಿಗೆ ಒಂದು ಮೇಣದ ಹುಳ ಚುಚ್ಚಿದ್ರೆ ವಾಸನೆನೂ ಆಯ್ತು. ಆ ಸೀಸದ ಗುಂಡನ್ನ ಹಲ್ಲಲ್ಲಿ ಕಚ್ಚಬ್ಯಾಡ, ಮಕ್ಕಳ ಕೈಗೆ ಕೊಡಬ್ಯಾಡ ಅಂತ ನಾನು ಅವಳಿಗೆ ಹೇಳಿದೀನಿ. ಅಲ್ಲಿನ ಲೂನ್ ಅನ್ನೋ ನೀರು ಹಕ್ಕಿ ಇಂಥ ಸೀಸ ನುಂಗಿ ಸಾಯ್ತದಂತೆ, ಸೀಸ ಇಲ್ದೇ ಇರೋವೂ ಅಂಗಡೀಲಿ ಸಿಗ್ತವೆ.

ಪುಕ್ಕ ದಾರ ಸುತ್ತಿ ಹುಳದಂಗೆ ಕಾಣೋ ಸುಳ್ಳು ಎರೆ ಮಾಡೋದು ಜಿಗ್ಗಿಗಿಂತ ಹಳೇ ವಿದ್ಯೆ. ವರ್ಮಾಂಟಿನ ಮೇರಿ ಆರ್ವಿಸ್ ಮಾರ್ಬರಿ ಅನ್ನೋ ಹೆಂಗಸು ಅವರಪ್ಪನ ಅಂಗಡೀಲಿ ಈ ಕೆಲ್ಸದ ಮೇಲ್ವಿಚಾರಣೆ ನೋಡ್ಕೋತಿದ್ರು, ಕೂತು ದಾರ ಸುತ್ತೋರೂ ಹೆಂಗಸರೇ. ಒಂದೇ ಎರೆಗೆ ಊರಿಗೊಂದು ಹೆಸರು ಇದ್ದ ಕಾಲ. ಆಯಮ್ಮ ಅಮೆರಿಕದ ಬೇರೆಬೇರೆ ಸೀಮೆಯ ಮೀನು ಹಿಡಿಯೋರಿಂದ ಕಾಗದ ತರಿಸಿ, ಯಾವ ನೀರಿಗೆ ಯಾವ ಎರೆ ಅಂತ ಸೇರಿಸಿ, 1892ರಲ್ಲಿ ದಪ್ಪ ಪುಸ್ತಕ ತಂದ್ರು. ಸೋಮೇಶ್ವರನ ಪಟ್ಟಿ ಆದ ಮೇಲೆ ನನಗೆ ಇಷ್ಟ ಆದ ಪಟ್ಟಿ ಇದು. ಇದನ್ನ ಮಾಡಿದ ಕೈ ಯಾವುದು ಅಂತಾದ್ರೂ ಗೊತ್ತು.

ಈ ಪಟ್ಟಿಗಳನ್ನೆಲ್ಲಾ ಒಟ್ಟಿಗೆ ಇಟ್ಕೊಂಡು ನೋಡ್ದಾಗ ನನಗೆ ಹೊಳೆದಿದ್ದು ಇಷ್ಟು. ಎರೆ ಪಟ್ಟಿ ಅಂದ್ರೆ ಆ ನೀರಲ್ಲಿ ಯಾವ್ಯಾವ ಮೀನು ಇತ್ತು ಅನ್ನೋ ಲೆಕ್ಕದ ಪುಸ್ತಕ. ಅನ್ನದ ಅಗುಳು ಅಂದ್ರೆ ಸಾಸ್ಲು ಇತ್ತು, ಕಪ್ಪೆ ಅಂದ್ರೆ ಕೊರ್ವ ಇತ್ತು, ಇಂಗಿನ ಹಿಟ್ಟು ಅಂದ್ರೆ ಗೆಂಡೆ ಇತ್ತು. ಈಗ ನಮ್ಮೂರ ಕೆರೇಲಿ ಹುಡುಗ್ರನ್ನ ಕೇಳಿ ನೋಡಿ. ಹುಳ ಹಾಕಿದ್ರೂ ಜಿಲೇಬಿ, ಹಿಟ್ಟು ಹಾಕಿದ್ರೂ ಜಿಲೇಬಿ, ಬ್ರೆಡ್ಡು ಹಾಕಿದ್ರೂ ಜಿಲೇಬಿ. ಈ ಜಿಲೇಬಿ ಮೀನು, ತಿಲಾಪಿಯ ಅಂತಾರಲ್ಲ, ಆಫ್ರಿಕಾದ್ದು. 1952ರಲ್ಲಿ ಶ್ರೀಲಂಕಾ ಕಡೆಯಿಂದ ನಮ್ಮ ದೇಶಕ್ಕೆ ತಂದ್ರು, ಬಡವರಿಗೆ ಅಗ್ಗದ ಮೀನು ಸಿಗ್ಲಿ ಅಂತ. ಸಿಕ್ತು, ಅದನ್ನ ಅಲ್ಲಗಳೆಯಕ್ಕಾಗಲ್ಲ, ಹುರಿದ್ರೆ ರುಚಿನೂ ಐತೆ. ಆದ್ರೆ ಅದು ಮೊಟ್ಟೆ ಮರಿನ ಬಾಯೊಳಗೇ ಇಟ್ಕೊಂಡು ಸಾಕ್ತದೆ, ಸಿಕ್ಕಿದ್ದೆಲ್ಲಾ ತಿಂತದೆ, ವರ್ಷದಲ್ಲಿ ಎಷ್ಟೋ ಸಲ ಮರಿ ಹಾಕ್ತದೆ. ಉಳಿದವಕ್ಕೆ ಜಾಗ ಎಲ್ಲಿ? ಎರೆ ಆರಿಸೋ ಕೆಲ್ಸನೇ ಇಲ್ಲ ಈಗ, ಹಂಗಾಗಿ ಆರಿಸೋದು ಗೊತ್ತಿರೋರೂ ಇಲ್ಲ.

ಹೊಳೇಲೂ ಇದೇ ಕತೆ. ಕಾವೇರಿಯ ಆ ಗೂನುಬೆನ್ನಿನ ದೊಡ್ಡ ಮಹಶೀರ್ ಈ ನದಿ ಸೀಮೆ ಬುಟ್ಟು ಬೇರೆಲ್ಲೂ ಇಲ್ಲ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ಪಕ್ಕಾ ಆಗಿದ್ದೇ 2018ರಲ್ಲಿ, ಅದೇ ವರ್ಷ ಅದನ್ನ ತೀರಾ ಅಳಿವಿನ ಅಂಚಿನ ಪಟ್ಟಿಗೂ ಸೇರಿಸಿದ್ರು. ಹೆಸರಿಡೋದೂ, ಹೋಗ್ತಾ ಐತೆ ಅನ್ನೋದೂ ಒಟ್ಟಿಗೇ. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು ಎಲ್ಲಾ ಸೇರ್ಕೊಂಡ್ವು. ಇದರ ಜೊತೆಗೆ, ಒಳ್ಳೇದಾಗ್ಲಿ ಅಂತ ಹೊರಗಿನ ಮರಿ ಸಾಕಣೆಯಿಂದ ತಂದು ಬಿಟ್ಟ ಇನ್ನೊಂದು ಜಾತಿ ಮಹಶೀರ್ ಹೊಳೆ ತುಂಬ್ಕೊಂತು. ಅದೂ ರಾಗಿ ಉಂಡೆ ತಿಂತದೆ. ದಂಡೆ ಮೇಲೆ ಕೂತೋರಿಗೆ ಮೀನು ಸಿಗ್ತಾನೇ ಇತ್ತು, ಹಂಗಾಗಿ ಹಳೇದು ಕಮ್ಮಿ ಆಗಿದ್ದು ಬಹಳ ದಿನ ಯಾರ ಕಣ್ಣಿಗೂ ಬೀಳ್ನಿಲ್ಲ. ಎರೆ ಅದೇ, ಹದ ಅದೇ, ಗಾಳದ ತುದೀಲಿ ಬಂದಿದ್ದು ಮಾತ್ರ ಬೇರೆ.

ಅದಕ್ಕೆ ನಾನು ಈಗ ಒಂದು ನೋಟ್‌ಬುಕ್ ಇಟ್ಟಿದೀನಿ. ಒಂದು ಕಡೆ ಮೀನಿನ ಹೆಸರು, ಎದುರಿಗೆ ಎರೆ, ಯಾವ ಕೆರೆ, ಯಾವ ತಿಂಗಳು. ದೊಡ್ಡವ್ವ ಹೇಳಿದ್ದು ಹನ್ನೊಂದು ಆಗವೆ. ಅತ್ತಿಗೆದೀರು, ಪಕ್ಕದ ಮನೆಯೋರು, ನಿಮ್ಮ ನಿಮ್ಮ ಅವ್ವಂದಿರನ್ನ ಕೇಳಿ ನೋಡಿ. ಮೀನು ಹಿಡಿಯೋದು ಗೊತ್ತಾ ಅಂತ ಕೇಳಬ್ಯಾಡಿ, ಇಲ್ಲ ಅಂದ್ಬುಡ್ತಾರೆ. ಹುಡುಗ್ರು ಕೆರೆಗೆ ಹೋಗೋವಾಗ ಅಡುಗೆ ಮನೆಯಿಂದ ಏನೇನು ಎತ್ಕೊಂಡು ಹೋಗ್ತಿದ್ರು ಅಂತ ಕೇಳಿ.